ಸಣ್ಣ ವಿಮಾನದ ಬಿರುಕು: ನೋಡುವ ಬಗೆ, ದುರಸ್ತಿಯ ಬಗೆ

(ಕುಂದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಅಂದರೆ ಯಕ್ಷಗಾನ, ಸಾಹಿತ್ಯ ಅಥವಾ ಊರಿನ ಇತಿಹಾಸ ಎಂಬುದು ನಮ್ಮ ಕಡೆಯ ರೂಢಿ. ಈ ಸಲ ವಿಮಾನದ ಹ್ಯಾಂಗರಿನಲ್ಲಿ ದುಡಿದವನನ್ನು ಕರೆದಿದ್ದೀರಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕನ್ನಡದಲ್ಲಿ ಬರೆದ ನೆಲ ಇದು. ಯಂತ್ರದ ವಿಷಯವನ್ನು ಕನ್ನಡದಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಊರು ಬೇಕಿಲ್ಲ.

ವಿಷಯ ಈ ಊರಿಗೆ ದೂರದ್ದೂ ಅಲ್ಲ. ಬೈಂದೂರಿಗೆ ಒಂದು ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತಿದೆ. ಕೊಲ್ಲೂರಿಗೆ ಬರುವ ಗಣ್ಯರ ಹೆಲಿಕಾಪ್ಟರ್ ಇಳಿಯುವುದನ್ನು ನೋಡಲು ಮಕ್ಕಳು ಓಡುತ್ತಾರೆ. ಮಣಿಪಾಲದ ಎಂಐಟಿಯಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ಕಲಿಸುತ್ತಾರೆ. ರನ್‌ವೇ ಎಲ್ಲಿ ಬರಬೇಕು, ಎಷ್ಟು ಎಕರೆ ಬೇಕು ಎಂಬ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ರನ್‌ವೇ ಮೇಲೆ ಇಳಿಯುವ ವಿಮಾನವನ್ನು ಈ ಉಪ್ಪುಗಾಳಿಯಲ್ಲಿ ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬ ಮಾತು ಮಾತ್ರ ಕೇಳಿಬರುವುದಿಲ್ಲ. ಇವತ್ತು ನಾನು ಆಡುವುದು ಆ ಮಾತನ್ನೇ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿರಾರು ಗಂಟೆ ಹಾರಿದ ಸಣ್ಣ ವಿಮಾನದಲ್ಲಿ ಎಲ್ಲೋ ಒಂದು ಕಡೆ ಬಿರುಕು ಹುಟ್ಟಿಯೇ ಹುಟ್ಟುತ್ತದೆ. ಹುಟ್ಟಿದ ದಿನವೇ ಅದು ಯಾರನ್ನೂ ಕೊಲ್ಲುವುದಿಲ್ಲ. ಬೆಳೆಯಲು ಅದಕ್ಕೆ ಕಾಲ ಬೇಕು, ಆ ಕಾಲ ಎಷ್ಟೆಂದು ಹೆಚ್ಚು ಕಡಿಮೆ ಲೆಕ್ಕ ಹಾಕಬಹುದು. ಅಷ್ಟರೊಳಗೆ ಒಬ್ಬ ಮನುಷ್ಯ ಸರಿಯಾದ ಜಾಗಕ್ಕೆ ಬೆಳಕು ಹಿಡಿದು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದರೆ ವಿಮಾನ ಉಳಿಯುತ್ತದೆ. ನೋಡದೆ ಹೋದರೆ, ಅಥವಾ ನೋಡಿ ಮುಚ್ಚಿಟ್ಟರೆ, ವಿಮಾನ ಬೀಳುತ್ತದೆ. ಮುಂದೆ ನಾನು ಹೇಳುವ ಅಪಘಾತಗಳೆಲ್ಲ ಇದಕ್ಕೆ ಸಾಕ್ಷಿ.

ಎರಡು, ನಾಲ್ಕು, ಆರು ಆಸನದ ವಿಮಾನಗಳು ಕರ್ನಾಟಕಕ್ಕೆ ಹಳೆಯ ನಂಟು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ವಿ.ಎಂ. ಘಾಟ್ಗೆ ಅವರ ತಂಡ ಅಲ್ಲಿ ರೂಪಿಸಿದ ಎಚ್‌ಟಿ–2 ಎಂಬ ಎರಡು ಆಸನದ ತರಬೇತಿ ವಿಮಾನ 1951ರಲ್ಲಿ ಹಾರಿತು. ಅದೇ ವರ್ಷ ನೆಹರೂ ಅವರು ಬಜಪೆಯ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. 1958ರಲ್ಲಿ ಎಚ್‌ಎಎಲ್‌ನ ಪುಷ್ಪಕ್ ಬಂತು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಆ ಪುಟ್ಟ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಒಂದು ಇಡೀ ತಲೆಮಾರು ಹಾರಾಟ ಕಲಿಯಿತು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರದು. ಈಗ ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಅಮೆರಿಕದ ಸೆಸ್ನಾ, ಪೈಪರ್ ಮತ್ತು ಆಸ್ಟ್ರಿಯಾ ಮೂಲದ ಡೈಮಂಡ್. ನಮ್ಮದೇ ‘ಹಂಸ’ದ ಬಗ್ಗೆ ಆಮೇಲೆ ಹೇಳುತ್ತೇನೆ.

ಲೋಹ ಏಕೆ ಬಿರುಕು ಬಿಡುತ್ತದೆ? ಭಾರ ತಡೆಯಲಾರದೆ ಒಮ್ಮೆಲೇ ಮುರಿಯುವುದು ಬೇರೆ. ನಾನು ಹೇಳುತ್ತಿರುವುದು ದಣಿವಿನ ಮಾತು, ಹ್ಯಾಂಗರಿನಲ್ಲಿ ನಾವು ಫಟೀಗ್ ಎನ್ನುವುದು. ರೆಕ್ಕೆ ಹೊರುವ ಭಾರ ಅದರ ಶಕ್ತಿಗಿಂತ ಎಷ್ಟೋ ಕಡಿಮೆ ಇದ್ದರೂ, ಏರಿಳಿತ ಲಕ್ಷಾಂತರ ಸಲ ಆದಾಗ ಲೋಹದ ಒಳಗೆ ಎಲ್ಲೋ ಒಂದು ಗೀರು ಬಾಯಿ ತೆರೆಯುತ್ತದೆ. ಪ್ರತಿ ಟೇಕಾಫಿನಲ್ಲಿ ರೆಕ್ಕೆ ಮೇಲಕ್ಕೆ ಬಾಗುತ್ತದೆ, ನೆಲ ಮುಟ್ಟಿದಾಗ ಕೆಳಕ್ಕೆ ಜಗ್ಗುತ್ತದೆ, ಗಾಳಿಯ ಪ್ರತಿ ಹೊಡೆತಕ್ಕೂ ನಡುಗುತ್ತದೆ. ರೈಲಿನ ಅಚ್ಚುಗಳು ಹೀಗೆ ಮುರಿಯುವುದನ್ನು ಕಂಡು ಜರ್ಮನಿಯ ಆಗಸ್ಟ್ ವೋಲರ್ 19ನೆಯ ಶತಮಾನದ ನಡುವಿನಲ್ಲೇ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅವರ ಪ್ರಯೋಗಗಳಿಂದ ತಿಳಿದ ಒಂದು ಸಂಗತಿ ಉಕ್ಕಿಗೆ ಸಮಾಧಾನ ಕೊಡುವಂಥದು. ಒಂದು ಮಿತಿಗಿಂತ ಕಡಿಮೆ ಹೊರೆಯಾದರೆ ಉಕ್ಕು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಹೊರೆ ಎಷ್ಟೇ ಸಣ್ಣದಿರಲಿ, ಸಾಕಷ್ಟು ಸಲ ಹೊರಿಸಿದರೆ ಅದು ಒಂದು ದಿನ ಬಿಟ್ಟುಕೊಡುತ್ತದೆ. ಹೆಚ್ಚಿನ ವಿಮಾನಗಳನ್ನು ಕಟ್ಟುವುದು ಈ ಅಲ್ಯೂಮಿನಿಯಂನಿಂದಲೇ. ತಾಮ್ರ ಬೆರೆಸಿದ 2024 ಎಂಬ ಮಿಶ್ರಲೋಹದ, ಕೆಲವು ಕಡೆ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ತಗಡು ಅದು.

1945ರ ಜನವರಿ 31ರಂದು ಆಸ್ಟ್ರೇಲಿಯಾದಲ್ಲಿ ಸ್ಟಿನ್ಸನ್ ಎಂಬ ಪ್ರಯಾಣಿಕ ವಿಮಾನದ ರೆಕ್ಕೆ ಆಕಾಶದಲ್ಲೇ ಕಳಚಿ 10 ಜನ ಸತ್ತರು. ಸ್ಪಾರ್‌ನಲ್ಲಿ, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯಲ್ಲಿ, ದಣಿವಿನ ಬಿರುಕು ಸಿಕ್ಕಿತು. ಒಂಬತ್ತು ವರ್ಷದ ಮೇಲೆ, 1954ರಲ್ಲಿ, ಬ್ರಿಟನ್ನಿನ ಎರಡು ಕಾಮೆಟ್ ಜೆಟ್‌ಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದುಹೋದವು. ಫಾರ್ನ್‌ಬರೋದ ತಜ್ಞರು ಅದೇ ಜಾತಿಯ ಇನ್ನೊಂದು ವಿಮಾನವನ್ನು ನೀರಿನ ದೊಡ್ಡ ತೊಟ್ಟಿಯಲ್ಲಿ ಇಟ್ಟು, ಒಳಗೆ ಒತ್ತಡ ತುಂಬುವುದು, ಇಳಿಸುವುದು ಮಾಡುತ್ತ ಹೋದರು. ಹಾರಾಟದಲ್ಲಿ ಕಂಡದ್ದೂ ಸೇರಿ 3,057 ಸಲಕ್ಕೆ ಅದರ ಮೈ ಸೀಳಿತು. ಆ ಪರೀಕ್ಷೆಯಿಂದ ಕಲಿತದ್ದು ದೊಡ್ಡ ವಿಮಾನಗಳ ನಿಯಮವನ್ನೇ ಬದಲಿಸಿತು. ನಮ್ಮಲ್ಲೂ ಆ ವಿದ್ಯೆ ಬೇಗ ಬಂತು. 1965ರಿಂದ 1984ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿದ್ದ ಎಸ್.ಆರ್. ವಲ್ಲೂರಿ ಅವರು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಲೋಹದ ದಣಿವನ್ನೇ ಅಭ್ಯಾಸ ಮಾಡಿ ಬಂದವರು. ಇಡೀ ವಿಮಾನವನ್ನೇ ಚೌಕಟ್ಟಿಗೆ ಕಟ್ಟಿ, ರೆಕ್ಕೆಯನ್ನು ಎಳೆದು ಬಿಟ್ಟು, ಎಷ್ಟು ಹಾರಾಟ ತಾಳುತ್ತದೆಂದು ನೆಲದ ಮೇಲೆಯೇ ನೋಡುವ ವ್ಯವಸ್ಥೆ ಎನ್‌ಎಎಲ್‌ನಲ್ಲಿ ಬೆಳೆಯಿತು. ಆ ಸಾಲಿನ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನ್ನ ಅಭಿಪ್ರಾಯ.

ಸಣ್ಣ ವಿಮಾನಗಳ ಪಾಡು ಬೇರೆ. ಇವತ್ತಿಗೂ ಹಾರುತ್ತಿರುವ ಸೆಸ್ನಾ 172ರ ಮೂಲ ವಿನ್ಯಾಸ 1950ರ ದಶಕದ್ದು. ಆಗಿನ ಅಮೆರಿಕದ ನಿಯಮ ಸಣ್ಣ ವಿಮಾನದ ರೆಕ್ಕೆಗೆ ದಣಿವಿನ ಪರೀಕ್ಷೆಯನ್ನು ಕಡ್ಡಾಯ ಮಾಡಿರಲಿಲ್ಲ. ಇಂಥ ವಿಮಾನವನ್ನು ಇಷ್ಟು ದಶಕ ಹಾರಿಸುತ್ತಾರೆಂದು ಯಾರೂ ಎಣಿಸಿರಲೂ ಇಲ್ಲ. ತಯಾರಕರೇ ಮುಂದೆ, 2011–12ರ ಹೊತ್ತಿಗೆ, ಹಳೆಯ ಸೆಸ್ನಾಗಳಿಗಾಗಿ ಹೆಚ್ಚುವರಿ ತಪಾಸಣೆಯ ಪಟ್ಟಿಗಳನ್ನು ಕೈಪಿಡಿಗೆ ಸೇರಿಸಿದರು. ಇಂಥ ವಿಮಾನದ ಆಯುಷ್ಯ ತಪಾಸಣೆ ಮಾಡುವವನ ಕಣ್ಣಿನಲ್ಲಿದೆ.

ಇನ್ನು ನಮ್ಮ ಕರಾವಳಿಯ ಮಾತು. ಗಂಗೊಳ್ಳಿಯಿಂದ ಶಿರೂರಿನವರೆಗೆ, ಕೋಡಿಯಿಂದ ಕೋಟದ ಕಡಲ ಬದಿಯವರೆಗೆ ಮನೆ ಕಟ್ಟಿದವರಿಗೆ ಉಪ್ಪುಗಾಳಿ ಏನು ಮಾಡುತ್ತದೆಂದು ಹೇಳಬೇಕಿಲ್ಲ. ಕಿಟಕಿಯ ಸರಳು, ಗೇಟಿನ ತಿರುಗುಣಿ, ಬೋಟಿನ ಬೋಲ್ಟು, ಯಾವುದನ್ನೂ ಅದು ಬಿಡುವುದಿಲ್ಲ. ಅಲ್ಯೂಮಿನಿಯಂ ಉಕ್ಕಿನ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿ ಬಿಟ್ಟು, ಮೇಲ್ಮೈಯಲ್ಲಿ ಸಾಸಿವೆಗಿಂತ ಸಣ್ಣ ಗುಳಿಗಳನ್ನು ತೋಡುತ್ತದೆ. ಗುಳಿಯ ತಳದಲ್ಲಿ ಒತ್ತಡ ಗುಂಪುಗೂಡುತ್ತದೆ, ಬಿರುಕು ಶುರುವಾಗಲು ಅದಕ್ಕಿಂತ ಅನುಕೂಲದ ಜಾಗ ಇಲ್ಲ. 2019ರ ಮೇ 26ರಂದು ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿ ಸರ್ವೇ ಕೆಲಸದಲ್ಲಿದ್ದ ಸೆಸ್ನಾ 210ರ ರೆಕ್ಕೆ ಕಳಚಿ ಇಬ್ಬರೂ ಸತ್ತರು. ಎರಡು ರೆಕ್ಕೆಗಳನ್ನೂ ಹೊತ್ತು ಕ್ಯಾಬಿನ್ನಿನ ಮೇಲೆ ಅಡ್ಡ ಹಾಯುವ ತೊಲೆ ಮುರಿದಿತ್ತು. ತನಿಖೆಯವರು ಬಿರುಕಿನ ಬುಡಕ್ಕೆ ಹೋದಾಗ ಸಿಕ್ಕಿದ್ದು ತುಕ್ಕಿನ ಒಂದು ಪುಟ್ಟ ಗುಳಿ.

ಹವಾಯಿ ದ್ವೀಪಗಳ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ಸಣ್ಣ ವಿಮಾನವೇನಲ್ಲ, ಆದರೂ ಕರಾವಳಿಯವರು ಅದನ್ನು ಮರೆಯಬಾರದು. ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ, ಸದಾ ಕಡಲ ಗಾಳಿ. ಅದು 89,680 ಸಲ ಏರಿ ಇಳಿದಿತ್ತು. 1988ರ ಏಪ್ರಿಲ್ 28ರಂದು ಹಾರುತ್ತಿರುವಾಗಲೇ ಮುಂಭಾಗದ ಛಾವಣಿ ಕಿತ್ತುಹೋಯಿತು, ಗಗನಸಖಿಯೊಬ್ಬರು ಹೊರಗೆ ಹಾರಿಹೋದರು. ತಗಡುಗಳ ಜೋಡಣೆಯ ಅಂಟು ತೇವಕ್ಕೆ, ತುಕ್ಕಿಗೆ ಬಿಟ್ಟು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ತೂತಿನಿಂದ ತೂತಿಗೆ ಬಿರುಕುಗಳು ಕೂಡಿಕೊಂಡಿದ್ದವು. ತನಿಖಾ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ವಿಮಾನ ಹತ್ತುವಾಗ ಬಾಗಿಲ ಬಳಿ ಒಬ್ಬ ಪ್ರಯಾಣಿಕರಿಗೆ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ.

ಕಂಡರೆ ಹೇಳಿ ಎಂದು ಪ್ರಯಾಣಿಕರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ನೋಡುವುದೇ ಕಸುಬಾದವರು ಹೇಗೆ ನೋಡುತ್ತಾರೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಈ ವಿದ್ಯೆಯ ಸತ್ವ ಇರುವುದು ಇಲ್ಲಿಯೇ.

ತರಬೇತಿ ವಿಮಾನ 50 ಗಂಟೆ, 100 ಗಂಟೆ ಹಾರಿದಾಗ, ಮತ್ತೆ ವರ್ಷಕ್ಕೊಮ್ಮೆ, ಹ್ಯಾಂಗರಿಗೆ ಬಂದು ಬಿಚ್ಚಿಕೊಳ್ಳುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ವಿಮಾನ ಒಳಗೆ ಬಂದ ಕೂಡಲೆ ತೊಳೆಯಲು ಬಿಡುತ್ತಿರಲಿಲ್ಲ. ತೊಳೆಯುವ ಮೊದಲು ಒಂದು ಸುತ್ತು, ತೊಳೆದ ಮೇಲೆ ಇನ್ನೊಂದು ಸುತ್ತು. ಮೊದಲ ಸುತ್ತಿನಲ್ಲಿ ಕೊಳೆಯೇ ಸಾಕ್ಷಿ ಹೇಳುತ್ತದೆ. ರಿವೆಟ್ ಸಡಿಲಾಗಿ ತಗಡಿಗೆ ಉಜ್ಜುತ್ತಿದ್ದರೆ ಅದರ ಹಿಂದೆ ಗಾಳಿ ಹೋಗುವ ದಿಕ್ಕಿಗೆ ಕಪ್ಪು ಹೊಗೆಯಂಥ ಗೆರೆ ಎಳೆದಿರುತ್ತದೆ. ಇಂಧನ ಜಿನುಗಿದಲ್ಲಿ ಬಣ್ಣದ ಕಲೆ, ಸೈಲೆನ್ಸರ್ ಸೀಳಿದಲ್ಲಿ ಬೂದು ಬಣ್ಣದ ಪುಡಿ. ತೊಳೆದುಬಿಟ್ಟರೆ ಈ ಸಾಕ್ಷಿಯೆಲ್ಲ ಚರಂಡಿಗೆ ಹೋಗುತ್ತದೆ. ಎರಡನೆಯ ಸುತ್ತಿಗೆ ಮಾತ್ರ ತಗಡು ಸ್ವಚ್ಛವಾಗಿರಬೇಕು. ಗ್ರೀಸ್ ತುಂಬಿದ ಬಿರುಕು ಕಣ್ಣಿಗೆ ಸುಲಭವಾಗಿ ಸಿಗದು.

ಎಲ್ಲಿ ನೋಡಬೇಕು ಎಂಬುದು ಅನುಭವದಿಂದ ಬರುವಂಥದು, ಕೈಪಿಡಿಯಲ್ಲೂ ಇರುತ್ತದೆ. ತೂತಿನ ಅಂಚು, ಚೂಪು ಮೂಲೆ, ದಪ್ಪ ಭಾಗ ತೆಳುವಾಗುವ ಜಾಗ, ಹಿಂದೆ ದುರಸ್ತಿಯಾದಲ್ಲಿನ ಕೊನೆಯ ರಿವೆಟ್ ಸಾಲು. ಸೆಸ್ನಾದಂಥ ವಿಮಾನದಲ್ಲಿ ಮೂತಿ ಚಕ್ರ ಕೂಡುವ ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ), ಪ್ರೊಪೆಲ್ಲರಿನ ಟೊಪ್ಪಿಗೆಯ ಹಿಂದಿನ ತಟ್ಟೆ, ಇಂಜಿನ್ ಹೊತ್ತ ಕೊಳವೆಗಳ ಬೆಸುಗೆ, ರೆಕ್ಕೆಯ ಆಸರೆಕಂಬ ಸೇರುವ ಬ್ರಾಕೆಟ್, ಬಾಲದ ಅಡ್ಡರೆಕ್ಕೆಯ ಮುಂದಿನ ಸ್ಪಾರ್. ಈ ಕೊನೆಯದಕ್ಕೆ ಆಕಾಶಕ್ಕಿಂತ ನೆಲದ ಮೇಲಿನ ಕೈಗಳೇ ಹೆಚ್ಚು ಕಾರಣ. ನಿಂತ ವಿಮಾನವನ್ನು ತಿರುಗಿಸಲು ಸುಲಭವೆಂದು ಬಾಲದ ರೆಕ್ಕೆಯನ್ನು ಅದುಮಿ ಮೂತಿ ಎತ್ತುತ್ತಾರೆ. ದಿನಕ್ಕೆ ಹತ್ತು ಸಲ ಹಾಗೆ ಅದುಮಿದರೆ ಒಳಗಿನ ಸ್ಪಾರ್ ಒಂದು ದಿನ ಸೀಳುತ್ತದೆ. ಇದನ್ನು ತಡೆಯಲು ಖರ್ಚಿಲ್ಲ, ಎಳೆಯುವ ಕೋಲನ್ನು ಬಳಸಿದರೆ ಸಾಕು. ಎಕ್ಸಾಸ್ಟ್ ಮಫ್ಲರಿನ ಬಿರುಕನ್ನು ಜನ ಹಗುರವಾಗಿ ಕಾಣುತ್ತಾರೆ, ರೆಕ್ಕೆ ಮುರಿಯುವುದಿಲ್ಲವಲ್ಲ ಎಂದು. ಸಣ್ಣ ವಿಮಾನದಲ್ಲಿ ಕ್ಯಾಬಿನ್ನಿಗೆ ಬಿಸಿಗಾಳಿ ಬರುವುದು ಆ ಮಫ್ಲರಿನ ಸುತ್ತಲಿನಿಂದಲೇ. ಸೀಳಿದರೆ ಅದರ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಚಾಲಕ ಕುಳಿತಲ್ಲೇ ಮಂಕಾಗುತ್ತಾನೆ.

ಮೊದಲ ಉಪಕರಣ ಕಣ್ಣು, ಅದಕ್ಕೆ ಜೊತೆ ಟಾರ್ಚು, ಉದ್ದ ಕೋಲಿನ ಕನ್ನಡಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ. ಟಾರ್ಚನ್ನು ನೇರ ಹಿಡಿದರೆ ಬಿರುಕು ಕಾಣದು. ಓರೆಯಾಗಿ, ತಗಡಿಗೆ ಹತ್ತಿಸಿದಂತೆ ಹಿಡಿದು, ಬೆಳಕು ನಿಮ್ಮ ಕಡೆಗೇ ಬರುವಂತೆ ನೋಡಿದರೆ ಬಿರುಕಿನ ಅಂಚು ನೆರಳು ಬೀಳಿಸುತ್ತದೆ. ಸಂಶಯ ಬಂದರೆ ಡೈ ಪೆನೆಟ್ರೆಂಟ್. ಬಣ್ಣ ತೆಗೆದು, ತೊಳೆದು, ಒಣಗಿಸಿ, ಕೆಂಪು ದ್ರವ ಹಚ್ಚಿ ಹತ್ತಿಪ್ಪತ್ತು ನಿಮಿಷ ಕಾಯಬೇಕು. ಮೇಲಿನದನ್ನು ಒರಸಿ ಬಿಳಿ ಪುಡಿ ಸಿಂಪಡಿಸಿದರೆ, ಒಳಗೆ ಇಳಿದ ಕೆಂಪು ಮೇಲೆದ್ದು ಬಿರುಕಿನ ಉದ್ದಕ್ಕೂ ಗೆರೆ ಮೂಡುತ್ತದೆ. ಈ ಕೆಲಸದಲ್ಲಿ ಆತುರ ಕೂಡದು. ಐದೇ ನಿಮಿಷಕ್ಕೆ ಒರಸಿದವನಿಗೆ ಗೆರೆ ಕಾಣದೆ ಹೋಗಬಹುದು, ಅವನು ‘ಬಿರುಕಿಲ್ಲ’ ಎಂದು ಬರೆದುಬಿಡುತ್ತಾನೆ. ಉಕ್ಕಿನ ಭಾಗವಾದರೆ ಕಾಂತದ ಪುಡಿಯ ಪರೀಕ್ಷೆ ಇದೆ. ತೂತಿನ ಒಳಗೋಡೆಗೆ, ಬಣ್ಣದ ಅಡಿಗೆ, ಎಡ್ಡಿ ಕರೆಂಟ್. ಪುಟ್ಟ ಸುರುಳಿಯೊಂದು ಲೋಹದಲ್ಲಿ ವಿದ್ಯುತ್ತಿನ ಸುಳಿ ಎಬ್ಬಿಸುತ್ತದೆ, ಬಿರುಕು ಅಡ್ಡ ಬಂದರೆ ಸುಳಿಯ ದಾರಿ ತಪ್ಪುತ್ತದೆ, ಪರದೆಯ ಮೇಲಿನ ಚುಕ್ಕಿ ನೆಗೆಯುತ್ತದೆ.

ಒಂದು ಎಚ್ಚರ ಹೇಳಿ ಮುಂದೆ ಹೋಗುತ್ತೇನೆ. ಕಂಡ ಬಿರುಕಿಗೆ ಗುರುತು ಹಾಕಲು ಸೀಸದ ಕಡ್ಡಿ, ಅಂದರೆ ಪೆನ್ಸಿಲ್, ಬಳಸಬಾರದು. ಅದರ ಗ್ರಾಫೈಟ್ ತೇವದ ಜೊತೆ ಸೇರಿ ಅಲ್ಯೂಮಿನಿಯಂ ತಿನ್ನುತ್ತದೆ. ಚೂಪು ಮೊಳೆಯಿಂದ ಗೀರುವುದು ಅದಕ್ಕಿಂತ ಕೆಟ್ಟದ್ದು, ಆ ಗೀರೇ ನಾಳೆಯ ಬಿರುಕು. ಗುರುತಿಗೆಂದೇ ಬರುವ ಮಾರ್ಕರ್ ಪೆನ್ ಇರುತ್ತದೆ, ಅದನ್ನೇ ಬಳಸಬೇಕು. ಹೊಸ ಹುಡುಗರಿಗೆ ಹ್ಯಾಂಗರಿನಲ್ಲಿ ಮೊದಲ ದಿನವೇ ಕಲಿಸಬೇಕಾದ ಪಾಠ ಇದು.

ಕಣ್ಣಿಗೆ ಕಾಣದ ಬಿರುಕಿಗೆ ಏನು ಮಾಡುವುದು? 2018ರ ಏಪ್ರಿಲ್ 4ರಂದು ಫ್ಲೋರಿಡಾದ ಡೇಟೋನಾ ಬೀಚಿನಲ್ಲಿ ಎಂಬ್ರಿ–ರಿಡಲ್ ವಿಶ್ವವಿದ್ಯಾಲಯದ ಪೈಪರ್ ಆರೋ ವಿಮಾನದ ಎಡ ರೆಕ್ಕೆ ಕಳಚಿತು. ಕಲಿಯುತ್ತಿದ್ದ ಯುವಕ ಮತ್ತು ಪರೀಕ್ಷಕ, ಇಬ್ಬರೂ ಸತ್ತರು. 2007ರ ವಿಮಾನ, ಹಾರಿದ್ದು 7,690 ಗಂಟೆ, ನೆಲ ಮುಟ್ಟಿದ್ದು 30,000ಕ್ಕೂ ಹೆಚ್ಚು ಸಲ. ವಿಮಾನದ ಕಲಿಕೆಯಲ್ಲಿ ಇಳಿಯುವುದೇ ಪಾಠ, ಅದಕ್ಕೇ ತರಬೇತಿ ವಿಮಾನ ಬೇಗ ದಣಿಯುತ್ತದೆ. ನಿಯಮದಂತೆ ತಪಾಸಣೆಗಳು ನಡೆದಿದ್ದವು. ಬಿರುಕು ಇದ್ದದ್ದು ಸ್ಪಾರ್‌ನ ಕೆಳಪಟ್ಟಿಯ ಬೋಲ್ಟ್ ತೂತಿನಲ್ಲಿ, ಬೋಲ್ಟ್ ತೆಗೆಯದೆ ಯಾರಿಗೂ ಕಾಣದಲ್ಲಿ. ಅದೇ ಶಾಲೆಯ ಇನ್ನೊಂದು ಆರೋ ವಿಮಾನದಲ್ಲೂ ಅದೇ ಜಾಗದಲ್ಲಿ ಬಿರುಕು ಸಿಕ್ಕಿತು. ಆಮೇಲೆ ಅಮೆರಿಕದ ವಿಮಾನಯಾನ ಆಡಳಿತ, ಹೆಚ್ಚು ದುಡಿದ ಪೈಪರ್‌ಗಳ ಆ ಬೋಲ್ಟ್ ತೂತುಗಳನ್ನು ಎಡ್ಡಿ ಕರೆಂಟಿನಿಂದ ನೋಡಲೇಬೇಕೆಂದು ಆದೇಶ ಹೊರಡಿಸಿತು. ಇಂಥ ಕಡ್ಡಾಯ ಆದೇಶಕ್ಕೆ ಏರ್‌ವರ್ದಿನೆಸ್ ಡೈರೆಕ್ಟಿವ್ ಎನ್ನುತ್ತಾರೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ವ್ಯಾಪ್ತಿಯ ವಿಮಾನಗಳೂ ಅದನ್ನು ಪಾಲಿಸಬೇಕು. ಅಂಥ ಎಷ್ಟೋ ಆದೇಶಗಳ ಹಿಂದೆ ಯಾರದೋ ಸಾವಿದೆ, ಓದುವಾಗ ಅದು ನೆನಪಿರಲಿ.

ಈಗ ದುರಸ್ತಿ. ಬಿರುಕು ಕಂಡ ಕೂಡಲೆ ಕೈ ಹಾಕಬಾರದು. ಮೊದಲ ಪ್ರಶ್ನೆ, ಇದು ಇಲ್ಲಿ ಏಕೆ ಬಂತು? ಎಲ್ಲೋ ಬೋಲ್ಟ್ ಸಡಿಲಿದೆಯೇ, ಪ್ರೊಪೆಲ್ಲರ್ ತೂಕ ತಪ್ಪಿ ನಡುಗುತ್ತಿದೆಯೇ, ಗಟ್ಟಿಯಾಗಿ ಇಳಿದದ್ದನ್ನು ಚಾಲಕ ಹೇಳದೆ ಹೋದನೇ? ಕಾರಣ ಉಳಿದರೆ ತೇಪೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಎರಡನೆಯ ಪ್ರಶ್ನೆ, ಇದು ಭಾರ ಹೊರುವ ಭಾಗವೇ? ಇಂಜಿನ್ ಮುಚ್ಚುವ ಕೌಲಿಂಗಿನಂಥದ್ದಾದರೆ ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆಂದು ಪೆನೆಟ್ರೆಂಟಿನಿಂದ ಖಚಿತ ಮಾಡಿಕೊಂಡು, ಆ ತುದಿಗೆ ಸುಮಾರು 2.4 ಅಥವಾ 3.2 ಮಿಲಿಮೀಟರಿನ ತೂತು ಕೊರೆಯುತ್ತಾರೆ. ಕೂದಲೆಳೆಯ ತುದಿಯಲ್ಲಿ ಗುಂಪುಗೂಡಿದ ಒತ್ತಡ ದುಂಡು ಅಂಚಿಗೆ ಹಂಚಿಹೋಗುತ್ತದೆ. ತುದಿ ಒಂದು ಕೂದಲಷ್ಟು ಆಚೆ ಇದ್ದರೂ ತೂತು ವ್ಯರ್ಥ. ಸರಿಯಾಗಿ ಬಿದ್ದರೂ ಅದು ಬಿರುಕನ್ನು ತಡೆದು ನಿಲ್ಲಿಸುವ ಉಪಾಯ ಅಷ್ಟೇ, ಕಳೆದುಹೋದ ಬಲವನ್ನು ಅದು ಮರಳಿ ಕೊಡುವುದಿಲ್ಲ.

ಬಲ ಕೊಡುವುದು ತೇಪೆ. ಅದೇ ಮಿಶ್ರಲೋಹದ, ಅಷ್ಟೇ ದಪ್ಪದ ಅಥವಾ ಒಂದು ಗೇಜು ಹೆಚ್ಚು ದಪ್ಪದ ತಗಡು. ಮೂಲೆಗಳು ದುಂಡಗಿರಬೇಕು, ಅಂಚಿನ ಮುಳ್ಳುಗಳನ್ನೆಲ್ಲ ಉಜ್ಜಿ ತೆಗೆದಿರಬೇಕು. ರಿವೆಟ್ ಸಾಲಿಗೆ ಲೆಕ್ಕವಿದೆ. ಅಂಚಿನಿಂದ ರಿವೆಟ್ ದಪ್ಪದ ಎರಡು ಪಟ್ಟು ದೂರ, ಒಂದರಿಂದ ಒಂದಕ್ಕೆ ಕಡಿಮೆಯೆಂದರೆ ಮೂರು ಪಟ್ಟು. ಹೊಡೆದ ಮೇಲೆ ಹಿಂದಿನ ತಲೆ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಬಂದಿರಬೇಕು. ತಗಡು ತಗಡು ಸೇರುವಲ್ಲಿ ಪ್ರೈಮರ್ ಹಚ್ಚದೆ ಮುಚ್ಚಿದರೆ ನಮ್ಮ ಕಡಲ ಬದಿಯಲ್ಲಿ ಎರಡು ಮಳೆಗಾಲದೊಳಗೆ ಒಳಗೇ ಬಿಳಿ ಪುಡಿ ತುಂಬುತ್ತದೆ. ತುಂಬಾ ದಪ್ಪ ತೇಪೆಯೂ ಒಳ್ಳೆಯದಲ್ಲ. ಒಂದು ಜಾಗ ಅತಿ ಬಿಗಿಯಾದರೆ ಭಾರ ಅದರ ಅಂಚಿಗೆ ಹೋಗಿ ಅಲ್ಲಿ ಸೀಳುತ್ತದೆ. ಸ್ಪಾರ್‌ನ ಪಟ್ಟಿಯಲ್ಲಿ, ರೆಕ್ಕೆ ಕೂಡುವ ಫಿಟ್ಟಿಂಗಿನಲ್ಲಿ ಬಿರುಕು ಬಂದರೆ ಈ ಯಾವುದೂ ಇಲ್ಲ. ತಯಾರಕರು ಬರೆದುಕೊಟ್ಟ ದುರಸ್ತಿ ಇದ್ದರೆ ಸರಿ, ಇಲ್ಲವಾದರೆ ಭಾಗವನ್ನೇ ಬದಲಿಸಬೇಕು. ಖರ್ಚು ಹೆಚ್ಚೆಂದು ಮಾಲೀಕರು ಗೊಣಗುತ್ತಾರೆ. ಹ್ಯಾಂಗರಿನವನು ಸಹಿ ಹಾಕದೆ ಸುಮ್ಮನೆ ನಿಲ್ಲಬೇಕು, ಅದೂ ಅವನ ಕೆಲಸವೇ.

ತಪ್ಪು ದುರಸ್ತಿ ಬಿರುಕಿಗಿಂತ ಕೆಟ್ಟದ್ದು ಎಂಬುದಕ್ಕೆ ಚಾಕ್ಸ್ ಓಷನ್ ಏರ್‌ವೇಸಿನ ಕಥೆ ಸಾಕು. 1947ರಲ್ಲಿ ಕಟ್ಟಿದ, ನೀರಿನ ಮೇಲೂ ಇಳಿಯುವ ಗ್ರಮ್ಮನ್ ಮ್ಯಾಲಾರ್ಡ್ ವಿಮಾನ ಅದು. 2005ರ ಡಿಸೆಂಬರ್ 19ರಂದು ಮಯಾಮಿಯಿಂದ ಬಿಮಿನಿ ದ್ವೀಪಕ್ಕೆ ಹೊರಟು, ಏರುತ್ತಿರುವಾಗಲೇ ಬಲ ರೆಕ್ಕೆ ಕಳಚಿತು. 20 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ರೆಕ್ಕೆಯ ಒಳಗೇ ಇಂಧನ ತುಂಬುತ್ತಿದ್ದರು. ಇಂಧನ ಸೋರುತ್ತಿದ್ದದ್ದು ಒಳಗಿನ ಚೌಕಟ್ಟು ಒಡೆಯುತ್ತಿದೆ ಎಂಬ ಸೂಚನೆಯಾಗಿತ್ತು. ಸೋರಿದಲ್ಲಿ ಸೀಲೆಂಟ್ ಬಳಿದರು, ಹೊರತಗಡಿನ ಬಿರುಕಿನ ಮೇಲೆ ತೇಪೆ ಹಾಕಿದರು, ಅದರ ಅಡಿಯಲ್ಲಿ ಬಿರುಕು ಬೆಳೆಯುತ್ತಲೇ ಹೋಯಿತು. ಬಿರುಕುಗಳನ್ನು ಗುರುತಿಸಿ ಸರಿಯಾಗಿ ದುರಸ್ತಿ ಮಾಡದ ಕಂಪನಿಯ ನಿರ್ವಹಣೆಯೇ ಕಾರಣವೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಹಾರಿದ್ದೂ ಕಡಲ ಬದಿಯಲ್ಲಿ, ಇಳಿಯುತ್ತಿದ್ದದ್ದೂ ಉಪ್ಪುನೀರಿನ ಮೇಲೆ. ನಮ್ಮ ಹಿನ್ನೀರುಗಳಲ್ಲಿ ಸೀಪ್ಲೇನ್ ಇಳಿಸುವ ಯೋಚನೆ ಮಾಡುವವರು ಮೊದಲು ಓದಬೇಕಾದ ವರದಿ ಅದು.

‘ಹಂಸ’ದ ಬಗ್ಗೆ ಹೇಳುತ್ತೇನೆಂದಿದ್ದೆ. ಎನ್‌ಎಎಲ್ ರೂಪಿಸಿದ ಈ ಎರಡು ಆಸನದ ವಿಮಾನ 1990ರ ದಶಕದಲ್ಲಿ ಹಾರಿತು, 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಪಡೆಯಿತು. ಅದರ ಹೊಸ ರೂಪ ಹಂಸ–ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಹಾರಿತು. ಇದರ ಮೈ ತಗಡಲ್ಲ, ನಾರು ಮತ್ತು ರಾಳದ ಪದರಗಳಿಂದ ಕಟ್ಟಿದ ಕಾಂಪೋಸಿಟ್. ತುಕ್ಕಿನ ಕಾಟ ಕಡಿಮೆ, ಕರಾವಳಿಗೆ ಅದು ದೊಡ್ಡ ಅನುಕೂಲ. ಆದರೆ ಪೆಟ್ಟು ಬಿದ್ದರೆ ಹೊರಗೆ ಏನೂ ಕಾಣದೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಅದನ್ನು ಹುಡುಕಲು ಇರುವ ಮೊದಲ ಉಪಾಯ ನಮ್ಮ ಕಡೆಯವರಿಗೆ ಹೊಸತಲ್ಲ. ಬ್ರಹ್ಮಾವರ, ಕುಂದಾಪುರದ ಸುತ್ತ ಹಂಚಿನ ಕಾರ್ಖಾನೆಗಳಲ್ಲಿ ಹಂಚನ್ನು ಬೆರಳಿನಿಂದ ತಟ್ಟಿ, ಠಣ್ ಎಂದರೆ ಒಂದು ಕಡೆ, ಬೊದ್ದು ದನಿ ಬಂದರೆ ಇನ್ನೊಂದು ಕಡೆ ಇಡುತ್ತಾರಲ್ಲ, ಹಾಗೆಯೇ ಪುಟ್ಟ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗುತ್ತಾರೆ, ದನಿ ಮಂಕಾದಲ್ಲಿ ಗುರುತು ಹಾಕಿ ಅಲ್ಟ್ರಾಸೌಂಡಿನಿಂದ ಖಚಿತ ಮಾಡಿಕೊಳ್ಳುತ್ತಾರೆ.

ಕೊನೆಗೆ ಎಲ್ಲವೂ ಬಂದು ಸೇರುವುದು ಲಾಗ್ ಬುಕ್ಕಿಗೆ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಉದ್ದದ ಬಿರುಕು, ಯಾವ ಕೈಪಿಡಿಯ ಪ್ರಕಾರ ಏನು ಮಾಡಿದೆವು, ಯಾರು ಮಾಡಿದರು, ಯಾರು ನೋಡಿದರು. ಲೈಸೆನ್ಸ್ ಇರುವ ಇಂಜಿನಿಯರ್ ಸಹಿ ಹಾಕದೆ ವಿಮಾನ ಹಾರುವಂತಿಲ್ಲ. ಹಳೆಯ ಕಾಯ್ದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ, ಆದರೆ ಆ ಸಹಿಯ ತೂಕ ಮೊದಲಿನಷ್ಟೇ ಇದೆ. ಬಿರುಕು ಕಂಡೆ ಎಂದು ಬರೆದ ಹುಡುಗನನ್ನು, ವಿಮಾನ ನಿಲ್ಲಿಸಿದನೆಂದು ಬೈಯುವ ಹ್ಯಾಂಗರು ನಾನು ಕಂಡಿದ್ದೇನೆ. ಹಾಗೆ ಬೈದಲ್ಲಿ ಮುಂದಿನ ಬಿರುಕನ್ನು ಯಾರೂ ಬರೆಯುವುದಿಲ್ಲ. ಬೇಗ ಕೆಲಸ ಮುಗಿಸುವವನನ್ನು ಹೊಗಳುವ ಮಾಲೀಕರು ಬೇಕಾದಷ್ಟು ಸಿಗುತ್ತಾರೆ. ಬಿರುಕು ಕಂಡುಹಿಡಿದವನ ಬೆನ್ನು ತಟ್ಟುವವರು ಕಡಿಮೆ, ನಮಗೆ ಬೇಕಾದವರು ಅವರು.

ವಿದ್ಯಾರ್ಥಿಗಳಿಗೆ ಒಂದು ಮಾತು. ವಿಮಾನ ಅಂದರೆ ಪೈಲಟ್ ಎಂದೇ ನೀವು ಎಣಿಸುತ್ತೀರಿ. ಭೌತ, ರಸಾಯನ, ಗಣಿತ ತೆಗೆದುಕೊಂಡು ಪಿಯುಸಿ ಮುಗಿಸಿದವರಿಗೆ ವಿಮಾನ ನಿರ್ವಹಣಾ ಇಂಜಿನಿಯರ್ ಆಗುವ ದಾರಿ ತೆರೆದಿದೆ. ಡಿಜಿಸಿಎ ಒಪ್ಪಿದ ಸಂಸ್ಥೆಯನ್ನೇ ಆರಿಸಿ, ಸೇರುವ ಮೊದಲು ಆ ಒಪ್ಪಿಗೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಡಿಜಿಸಿಎ ಪಟ್ಟಿಯಲ್ಲಿ ನೀವೇ ನೋಡಿ. ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಂಡೇ ಬೆಳೆದ ಗಂಗೊಳ್ಳಿ, ಕೊಡೇರಿ, ಉಪ್ಪುಂದದ ಮಕ್ಕಳಿಗೆ ಕೈಕೆಲಸದ ಅಂಜಿಕೆ ಇರುವುದಿಲ್ಲ. ಉಪ್ಪು ಲೋಹವನ್ನು ಏನು ಮಾಡುತ್ತದೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ.

ಇನ್ನು ಬೈಂದೂರಿನ ವಿಮಾನ ನಿಲ್ದಾಣಕ್ಕಾಗಿ ದುಡಿಯುತ್ತಿರುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಯೋಜನೆಯ ನಕ್ಷೆ ಜನರ ಮುಂದೆ ಬಂದ ದಿನ, ರನ್‌ವೇ ಎಷ್ಟು ಉದ್ದ ಎಂದು ಕೇಳುವುದರ ಜೊತೆಗೆ ಮೂರು ಪ್ರಶ್ನೆ ಕೇಳಿ. ಕಡಲ ಗಾಳಿಗೆ ಬೆನ್ನು ಹಾಕಿ ನಿಲ್ಲುವ ಹ್ಯಾಂಗರಿಗೆ ಜಾಗ ಎಲ್ಲಿ? ಹಾರಿ ಬಂದ ವಿಮಾನದ ಉಪ್ಪು ತೊಳೆಯಲು ಸಿಹಿನೀರಿನ ಕಟ್ಟೆ ಎಲ್ಲಿ? ಎಡ್ಡಿ ಕರೆಂಟ್ ಹಿಡಿದು ಬೋಲ್ಟ್ ತೂತು ನೋಡಬಲ್ಲ ತಂತ್ರಜ್ಞರನ್ನು ಎಲ್ಲಿಂದ ತರುತ್ತೀರಿ? ಈ ಮೂರಕ್ಕೂ ಉತ್ತರ ಬರೆದುಕೊಡುವವರೆಗೆ ನಕ್ಷೆಗೆ ಒಪ್ಪಿಗೆ ಕೊಡಬೇಡಿ.